ಹಳೆಯ ಜಾಲದಿಂದ ಹೊಸ ಜಾಲಕ್ಕೆ ದಾರಿ ತೋರಿದ ಜಾನ್ ಪೋಸ್ಟೆಲ್

1969ರ ಅಕ್ಟೋಬರ್ 29ರ ರಾತ್ರಿ, ಸುಮಾರು ಹತ್ತೂವರೆ ಗಂಟೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, 500 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕಯಂತ್ರದೊಳಗೆ ಪ್ರವೇಶ ಪಡೆಯಲು ಯತ್ನಿಸುತ್ತಿದ್ದರು. ಅದಕ್ಕಾಗಿ ಲಾಗಿನ್ ಎಂಬ ಪದವನ್ನು ಟೈಪು ಮಾಡಬೇಕಿತ್ತು. ಆ ಇಂಗ್ಲಿಷ್ ಪದದ ಮೊದಲ ಎರಡು ಅಕ್ಷರಗಳು ಆಚೆ ದಡ ಸೇರಿದವು. ಅಷ್ಟರಲ್ಲಿ ಆಚೆಯ ಯಂತ್ರ ಸ್ಥಗಿತಗೊಂಡಿತು. ದೋಷ ಸರಿಪಡಿಸಿ ಸುಮಾರು ಒಂದು ಗಂಟೆಯ ನಂತರ ಮತ್ತೆ ಯತ್ನಿಸಿದಾಗ ಬಾಗಿಲು ತೆರೆಯಿತು.

ಇಂದಿನ ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಹರಿದ ಮೊದಲ ಸಂದೇಶವೇ ಬಳಕೆದಾರನೊಬ್ಬ ಬಾಗಿಲು ತಟ್ಟಿದ ಸದ್ದು ಎಂಬುದು ಗಮನಾರ್ಹ. ಬಂದವರು ಯಾರು, ಎಲ್ಲಿಂದ ಬಂದರು, ಒಳಗೆ ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಜಾಲವನ್ನು ಬಿಟ್ಟಿಲ್ಲ. ಹಳೆಯ ನಿಯಮಗಳ ಜಾಲವೂ ಹೊಸ ನಿಯಮಗಳ ಜಾಲವೂ ಒಟ್ಟಿಗೆ ನಡೆಯುವ ಕಾಲದಲ್ಲಂತೂ ಈ ಪ್ರಶ್ನೆ ಮತ್ತಷ್ಟು ಜಟಿಲವಾಗುತ್ತದೆ. ಅಂತಹ ಒಂದು ಸಂಧಿಕಾಲವನ್ನು ದಾಟಿಸಿ, ಮುಂದಿನ ಸಂಧಿಕಾಲದ ಹೊಸ್ತಿಲಿನಲ್ಲಿ ಕಣ್ಮುಚ್ಚಿದವರು ಜಾನ್ ಪೋಸ್ಟೆಲ್. ಆ ಮೊದಲ ಸಂದೇಶ ಹೊರಟ ಪ್ರಯೋಗಾಲಯದ ತಂಡದಲ್ಲಿ ಅವರೂ ಒಬ್ಬರಾಗಿದ್ದರು.

ಒಂದೇ ಶಾಲೆಯ ಮೂವರು

ಜೊನಾಥನ್ ಬ್ರೂಸ್ ಪೋಸ್ಟೆಲ್ ಜನಿಸಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಅವರು ಓದಿದ ವ್ಯಾನ್ ನೈಸ್ ಪ್ರೌಢಶಾಲೆಯಲ್ಲಿಯೇ ಮುಂದೆ ಅಂತರ್ಜಾಲದ ಶಿಲ್ಪಿಗಳೆನಿಸಿದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಓದಿದ್ದರು. ಮೂವರೂ ಮತ್ತೆ ಸೇರಿದ್ದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ. ಪೋಸ್ಟೆಲ್ ಅಲ್ಲಿ 1966ರಲ್ಲಿ ಎಂಜಿನಿಯರಿಂಗ್ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ ಹಾಗೂ 1974ರಲ್ಲಿ ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು.

ಉದ್ದನೆಯ ಗಡ್ಡ, ಕಾಲಿಗೆ ಸ್ಯಾಂಡಲ್, ಬಿಡುವು ಸಿಕ್ಕರೆ ಸಿಯೆರಾ ನೆವಾಡ ಪರ್ವತಗಳಲ್ಲಿ ಚಾರಣ. ನೋಡಿದವರಿಗೆ ತಪಸ್ವಿಯಂತೆ ಕಾಣುತ್ತಿದ್ದ ಈ ಮನುಷ್ಯ ಮಿತಭಾಷಿ. ಹಣ ಮಾಡುವ ಹಂಬಲವಿರಲಿಲ್ಲ. ಸ್ವಂತ ಕಂಪೆನಿ ಕಟ್ಟಲಿಲ್ಲ. 1977ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಮಾಹಿತಿ ವಿಜ್ಞಾನ ಸಂಸ್ಥೆಗೆ ಬಂದವರು ಕೊನೆಯವರೆಗೂ ಅಲ್ಲಿಯೇ ಉಳಿದರು.

ಜಾಲದ ಶಾನುಭೋಗ

ನಮ್ಮ ಹಳ್ಳಿಗಳಲ್ಲಿ ಯಾವ ಹೊಲ ಯಾರದು, ಯಾವ ಗಡಿ ಎಲ್ಲಿಗೆ ಎಂಬ ಲೆಕ್ಕವನ್ನು ಶಾನುಭೋಗರು ಇಡುತ್ತಿದ್ದರು. ಅಂತರ್ಜಾಲದಲ್ಲಿ ಆ ಕೆಲಸವನ್ನು ಪೋಸ್ಟೆಲ್ ತಾವಾಗಿಯೇ ವಹಿಸಿಕೊಂಡರು. ಒಂದು ಗಣಕಯಂತ್ರದಲ್ಲಿ ಹಲವು ಸೇವೆಗಳಿರುತ್ತವೆ. ದೂರದಿಂದ ಬಂದು ಕೆಲಸ ಮಾಡುವವರಿಗೆ ಒಂದು ಬಾಗಿಲು, ಕಡತ ಸಾಗಿಸುವವರಿಗೆ ಇನ್ನೊಂದು, ಪತ್ರ ತರುವವರಿಗೆ ಮತ್ತೊಂದು. ಪ್ರತಿ ಬಾಗಿಲಿಗೂ ಒಂದು ಸಂಖ್ಯೆ ಬೇಕು ಮತ್ತು ಆ ಸಂಖ್ಯೆ ಎಲ್ಲೆಡೆಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಯಾರು ಯಾವ ಬಾಗಿಲು ತಟ್ಟಬೇಕೆಂಬುದೇ ತಿಳಿಯದು. 1972ರ ಮೇ ತಿಂಗಳಲ್ಲಿ ಪೋಸ್ಟೆಲ್ ಒಂದು ಪುಟ್ಟ ಟಿಪ್ಪಣಿ ಬರೆದು, ಈ ಸಂಖ್ಯೆಗಳನ್ನು ಹಂಚಲು ಒಬ್ಬ ಅಧಿಪತಿ ಬೇಕೆಂದೂ ಆ ಹೊಣೆಯನ್ನು ತಾವೇ ಹೊರಬಹುದೆಂದೂ ಸೂಚಿಸಿದರು. ಯಾರೂ ಆಕ್ಷೇಪಿಸಲಿಲ್ಲ. ಹೀಗೆ ಆರಂಭವಾದ ಕೆಲಸವೇ ಮುಂದೆ ಅಂತರ್ಜಾಲ ನಿಯೋಜಿತ ಸಂಖ್ಯೆಗಳ ಪ್ರಾಧಿಕಾರ, ಅಂದರೆ ಐಯಾನಾ ಎಂಬ ಹೆಸರು ಪಡೆಯಿತು. ಹೆಸರಿಗೆ ಪ್ರಾಧಿಕಾರ. ವಾಸ್ತವದಲ್ಲಿ ಪೋಸ್ಟೆಲ್, ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಮತ್ತು ಬೆರಳೆಣಿಕೆಯ ಮಂದಿ.

ಇನ್ನೊಂದು ಹೊಣೆ ಸಂಪಾದಕರದು. ಜಾಲದ ನಿಯಮಗಳನ್ನು ಆರ್‌ಎಫ್‌ಸಿ ಎಂಬ ದಾಖಲೆಗಳ ಸರಣಿಯಲ್ಲಿ ಪ್ರಕಟಿಸುವ ಪದ್ಧತಿಯನ್ನು 1969ರ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಆರಂಭಿಸಿದರು. ಅದರ ಸಂಪಾದಕತ್ವ ಪೋಸ್ಟೆಲ್ ಪಾಲಿಗೆ ಬಂದು, ಸಾಯುವವರೆಗೂ ಅವರಲ್ಲೇ ಉಳಿಯಿತು. ಸುಮಾರು ಮೂರು ದಶಕಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಾಖಲೆಗಳು ಈ ಸರಣಿಯಲ್ಲಿ ಹೊರಬಂದವು.

ಎರಡು ಭಾಷೆಗಳ ಕಾಲ

ಅರ್ಪಾನೆಟ್ ಮೊದಲು ಮಾತನಾಡುತ್ತಿದ್ದುದು ಎನ್‌ಸಿಪಿ ಎಂಬ ಪ್ರೋಟೋಕಾಲಿನಲ್ಲಿ. ಕೆಳಗಿನ ಜಾಲ ಎಂದೂ ತಪ್ಪುವುದಿಲ್ಲವೆಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ಒಂದೇ ಜಾಲವಿದ್ದಾಗ ಇದು ಸಾಕಾಗಿತ್ತು. ಆದರೆ ರೇಡಿಯೋ ಮೂಲಕ, ಉಪಗ್ರಹದ ಮೂಲಕ ನಡೆಯುವ ಬೇರೆ ಬೇರೆ ಜಾಲಗಳನ್ನು ಬೆಸೆಯಬೇಕಾದಾಗ ಸಾಲದಾಯಿತು. ಅದಕ್ಕಾಗಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಟಿಸಿಪಿಯನ್ನು ರೂಪಿಸಿದರು. ಆ ಹೊಸ ಪ್ರೋಟೋಕಾಲ್ ಎಲ್ಲ ಕೆಲಸವನ್ನೂ ಒಂದೇ ಪದರದಲ್ಲಿ ತುರುಕುತ್ತಿದೆಯೆಂದು 1977ರ ಆಗಸ್ಟ್‌ನಲ್ಲಿ ಎಚ್ಚರಿಸಿದವರು ಪೋಸ್ಟೆಲ್. ಪೊಟ್ಟಣವನ್ನು ಜಾಲದಿಂದ ಜಾಲಕ್ಕೆ ದಾಟಿಸುವ ಕೆಲಸ ಬೇರೆ, ಎರಡು ತುದಿಗಳ ನಡುವೆ ಸಂಭಾಷಣೆ ಕೆಡದಂತೆ ನೋಡಿಕೊಳ್ಳುವ ಕೆಲಸ ಬೇರೆ ಎಂಬುದು ಅವರ ವಾದ. 1978ರಲ್ಲಿ ಟಿಸಿಪಿ ಮತ್ತು ಐಪಿ ಬೇರ್ಪಟ್ಟವು. 1981ರ ಸೆಪ್ಟೆಂಬರ್‌ನಲ್ಲಿ ಪೋಸ್ಟೆಲ್ ಸಂಪಾದಿಸಿದ ಅಂತಿಮ ದಾಖಲೆಗಳು ಹೊರಬಂದವು. ಅದರಲ್ಲಿ ವಿವರಿಸಿದ ಐಪಿಯೇ ನಾವು ಇಂದಿಗೂ ಬಳಸುತ್ತಿರುವ ನಾಲ್ಕನೆಯ ಆವೃತ್ತಿ. ಅದರ ವಿಳಾಸ 32 ಬಿಟ್‌ಗಳದ್ದು, ಅಂದರೆ ಒಟ್ಟು ಸುಮಾರು 430 ಕೋಟಿ ವಿಳಾಸಗಳು.

ನಿಯಮ ಬರೆಯುವುದು ಸುಲಭ. ಓಡುತ್ತಿರುವ ಬಂಡಿಯ ಗಾಲಿ ಬದಲಿಸುವುದು ಕಷ್ಟ. ನೂರಾರು ಗಣಕಯಂತ್ರಗಳು ದೇಶದುದ್ದಕ್ಕೂ ಹಳೆಯ ಪ್ರೋಟೋಕಾಲಿನಲ್ಲಿ ನಡೆಯುತ್ತಿದ್ದವು. 1981ರ ನವೆಂಬರ್‌ನಲ್ಲಿ ಪೋಸ್ಟೆಲ್ ಈ ಬದಲಾವಣೆಯ ಯೋಜನೆಯನ್ನು ಆರ್‌ಎಫ್‌ಸಿ 801 ಎಂಬ ದಾಖಲೆಯಾಗಿ ಪ್ರಕಟಿಸಿದರು. ಗಡುವು 1983ರ ಜನವರಿ 1.

ಈ ಯೋಜನೆಯ ತಿರುಳಿದ್ದುದು ಬಳಕೆದಾರನ ಬಗೆಗಿನ ಕಾಳಜಿಯಲ್ಲಿ. ನಡುವಿನ ಹದಿಮೂರು ಹದಿನಾಲ್ಕು ತಿಂಗಳಲ್ಲಿ ಕೆಲವು ಯಂತ್ರಗಳು ಹಳೆಯ ಭಾಷೆಯನ್ನು ಮಾತ್ರ, ಕೆಲವು ಹೊಸದನ್ನು ಮಾತ್ರ, ಕೆಲವು ಎರಡನ್ನೂ ಬಲ್ಲವಾಗಿರುತ್ತಿದ್ದವು. ಹಳೆಯ ಯಂತ್ರದ ಮುಂದೆ ಕುಳಿತ ಸಂಶೋಧಕ ಹೊಸ ಯಂತ್ರದಲ್ಲಿರುವ ತನ್ನ ಕಡತಗಳನ್ನು ತಲುಪುವುದು ಹೇಗೆ? ಪೋಸ್ಟೆಲ್ ಸೂಚಿಸಿದ ಉತ್ತರ, ಎರಡೂ ಭಾಷೆ ಬಲ್ಲ ಯಂತ್ರಗಳನ್ನು ನಡುವಿನ ತಂಗುದಾಣವಾಗಿಸುವುದು. ಬಳಕೆದಾರ ಹಳೆಯ ಪ್ರೋಟೋಕಾಲಿನಲ್ಲಿ ಅಲ್ಲಿಗೆ ಬಂದು, ಅಲ್ಲಿಂದ ಹೊಸ ಪ್ರೋಟೋಕಾಲಿನಲ್ಲಿ ಮುಂದಕ್ಕೆ ಹೋಗುತ್ತಾನೆ. ಲಾಗಿನ್, ಕಡತ ಸಾಗಣೆ ಮತ್ತು ಅಂಚೆ ಮೂರಕ್ಕೂ ಇಂತಹ ವ್ಯವಸ್ಥೆ ಅಗತ್ಯವೆಂದು ಯೋಜನೆ ಹೇಳಿತು.

ಗಡುವು ಹತ್ತಿರ ಬಂದರೂ ಹಲವರು ಮೈಮರೆತಿದ್ದರು. 1982ರ ಮಧ್ಯದಲ್ಲಿ ಸರ್ಫ್ ಮತ್ತು ಪೋಸ್ಟೆಲ್ ಒಂದು ದಿನ ಹಳೆಯ ಪ್ರೋಟೋಕಾಲಿನ ಸಂಚಾರವನ್ನೇ ನಿಲ್ಲಿಸಿದರು. ಸಿದ್ಧರಾಗದವರ ಸಂಪರ್ಕ ಕಡಿದುಹೋಗಿ ದೂರುಗಳು ಹರಿದು ಬಂದವು. ಶರತ್ಕಾಲದಲ್ಲಿ ಮತ್ತೊಮ್ಮೆ, ಈ ಬಾರಿ ಎರಡು ದಿನ. ಅದೇ ಡಿಸೆಂಬರ್‌ನಿಂದ ಯಾವ ಯಂತ್ರ ಹೊಸ ಪ್ರೋಟೋಕಾಲಿನಲ್ಲಿ ಲಾಗಿನ್ ಸಂಪರ್ಕವನ್ನು ಸ್ವೀಕರಿಸುತ್ತದೆ, ಯಾವುದು ಸ್ವೀಕರಿಸುವುದಿಲ್ಲ ಎಂಬ ಸಮೀಕ್ಷೆಗಳು ಸಾಲಾಗಿ ಆರ್‌ಎಫ್‌ಸಿಗಳಾಗಿ ಪ್ರಕಟವಾದವು. ಪಾಸು ಯಾರು, ನಪಾಸು ಯಾರು ಎಂದು ಎಲ್ಲರ ಕಣ್ಣಿಗೆ ಬೀಳುವಂತಹ ಪಟ್ಟಿ ಅದು. 1983ರ ಹೊಸವರ್ಷದಂದು ಬದಲಾವಣೆ ನಡೆಯಿತು. ಕೆಲವೆಡೆ ತೊಡಕುಗಳು ತಿಂಗಳುಗಟ್ಟಲೆ ಮುಂದುವರಿದರೂ ಜಾಲ ಮುರಿದುಬೀಳಲಿಲ್ಲ.

ಬಾಗಿಲು ಮತ್ತು ಕಾವಲು

ಆ ಕಾಲದ ಲಾಗಿನ್ ವ್ಯವಸ್ಥೆ ನಂಬಿಕೆಯ ಮೇಲೆ ನಿಂತಿತ್ತು. ದೂರದ ಯಂತ್ರಕ್ಕೆ ಪ್ರವೇಶ ನೀಡುವ ಟೆಲ್‌ನೆಟ್ ಪ್ರೋಟೋಕಾಲಿನ ಹೊಸ ರೂಪವನ್ನು 1983ರ ಮೇ ತಿಂಗಳಲ್ಲಿ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಪ್ರಕಟಿಸಿದರು. ಕಡತ ಸಾಗಣೆಯ ಪ್ರೋಟೋಕಾಲಿನ ಪರಿಷ್ಕೃತ ರೂಪ 1985ರಲ್ಲಿ ಬಂತು. ಎರಡರಲ್ಲಿಯೂ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ, ಪೋಸ್ಟ್ ಕಾರ್ಡಿನ ಬರಹದಂತೆ ತೆರೆದ ರೂಪದಲ್ಲಿಯೇ ಸಾಗುತ್ತಿತ್ತು. ನಡುವಿನ ತಂಗುದಾಣದ ಯಂತ್ರ ಮನಸ್ಸು ಮಾಡಿದರೆ ಅದನ್ನು ಓದಬಹುದಿತ್ತು. ಪರಸ್ಪರ ಪರಿಚಯವಿದ್ದ ಸಂಶೋಧಕರ ಪುಟ್ಟ ಸಮುದಾಯಕ್ಕೆ ಇದು ದೊಡ್ಡ ಕೊರತೆಯೆನಿಸಿರಲಿಲ್ಲ.

ಜಾಲ ಬೆಳೆದಂತೆ ಕಾವಲು ಅನಿವಾರ್ಯವಾಯಿತು. ಟೆಲಿಫೋನ್ ಮೂಲಕ ಸಂಪರ್ಕ ಪಡೆಯುವವರನ್ನು ಜಾಲದ ಅಂಚಿನಲ್ಲಿಯೇ ಗುರುತಿಸಿ ಒಳಬಿಡುವ ಟಕಾಕ್ಸ್ ಎಂಬ ವ್ಯವಸ್ಥೆಯನ್ನು 1984ರಲ್ಲಿ ಬಿಬಿಎನ್ ಕಂಪೆನಿ ರೂಪಿಸಿತು. ಆಗ ಹೊಸ ಕಿರಿಕಿರಿ ಹುಟ್ಟಿತು. ಅಂಚಿನಲ್ಲಿ ಒಮ್ಮೆ ಲಾಗಿನ್, ಒಳಗಿನ ಯಂತ್ರದಲ್ಲಿ ಮತ್ತೊಮ್ಮೆ ಲಾಗಿನ್. ಈ ಎರಡು ಬಾರಿಯ ತೊಂದರೆಯನ್ನು ತಪ್ಪಿಸಿ, ಅಂಚಿನಲ್ಲಿ ದೃಢಪಟ್ಟ ಗುರುತನ್ನು ಒಳಗಿನ ಯಂತ್ರಕ್ಕೆ ದಾಟಿಸುವ ವಿಧಾನವೊಂದು ಅದೇ ಡಿಸೆಂಬರ್‌ನಲ್ಲಿ ಪೋಸ್ಟೆಲ್ ಸಂಪಾದಿಸುತ್ತಿದ್ದ ಸರಣಿಯಲ್ಲಿ ಪ್ರಕಟವಾಯಿತು. ಇಂದು ನಾವು ಒಂದು ಖಾತೆಯಿಂದ ಹತ್ತು ತಾಣಗಳನ್ನು ಪ್ರವೇಶಿಸುವಾಗ ಕೆಲಸ ಮಾಡುವ ಆಲೋಚನೆಯೂ ಇದೇ ಬಗೆಯದು.

1995ರಲ್ಲಿ ಇನ್ನೊಂದು ಘಟನೆ ನಡೆಯಿತು. ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ್ದರು. ಅಲ್ಲಿದ್ದ ಟಾಟು ಯ್ಲೋನೆನ್, ಲಾಗಿನ್ ಸಂಭಾಷಣೆಯನ್ನು ಗೂಢಲಿಪಿಯಲ್ಲಿ ಮುಚ್ಚುವ ಎಸ್‌ಎಸ್‌ಎಚ್ ಎಂಬ ಸಾಧನವನ್ನು ಬರೆದರು. ಅದಕ್ಕೊಂದು ಬಾಗಿಲ ಸಂಖ್ಯೆ ಬೇಕಿತ್ತು. ಕಡತ ಸಾಗಣೆಯದು 21, ಟೆಲ್‌ನೆಟ್‌ನದು 23. ನಡುವಿನ 22 ಖಾಲಿಯಿತ್ತು. ಜುಲೈನಲ್ಲಿ ಐಯಾನಾಗೆ ಅವರು ವಿನಂತಿ ಕಳುಹಿಸಿದರು. ಮರುದಿನವೇ ರೆನಾಲ್ಡ್ಸ್ ಅವರಿಂದ ಒಪ್ಪಿಗೆ ಬಂತು. ಅರ್ಜಿ ಶುಲ್ಕವಿಲ್ಲ, ಕಚೇರಿಯಿಂದ ಕಚೇರಿಗೆ ಅಲೆದಾಟವಿಲ್ಲ. ಇಂದಿಗೂ ಜಗತ್ತಿನ ಸರ್ವರ್‌ಗಳ ನಿರ್ವಾಹಕರು ಒಳಪ್ರವೇಶಿಸುವುದು ವಾಡಿಕೆಯಂತೆ ಅದೇ 22ನೇ ಬಾಗಿಲಿನಿಂದ.

ದೇಶಗಳ ಹೆಸರು, ಭಾರತದ ಪಾಲು

ಸಂಖ್ಯೆಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟ. ಅದಕ್ಕೆ ಪರಿಹಾರ ಹುಡುಕುವ ಕೆಲಸವನ್ನು ಪೋಸ್ಟೆಲ್ ತಮ್ಮ ಸಂಸ್ಥೆಯ ಪಾಲ್ ಮೊಕಾಪೆಟ್ರಿಸ್ ಅವರಿಗೆ ಒಪ್ಪಿಸಿದರು. 1983ರಲ್ಲಿ ಡೊಮೇನ್ ಹೆಸರುಗಳ ವ್ಯವಸ್ಥೆ ಹುಟ್ಟಿತು. ದೇಶಗಳಿಗೆ ಎರಡಕ್ಷರದ ಹೆಸರು ಕೊಡುವಾಗ ಯಾವುದು ದೇಶ, ಯಾವುದಲ್ಲ ಎಂಬ ಜಗಳಕ್ಕೆ ಪೋಸ್ಟೆಲ್ ಕೈಹಾಕಲಿಲ್ಲ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಸಿದ್ಧ ಪಟ್ಟಿಯನ್ನೇ ಅನುಸರಿಸಿದರು. ರಾಜತಂತ್ರಜ್ಞರು ವರ್ಷಗಟ್ಟಲೆ ಚರ್ಚಿಸಬಹುದಾಗಿದ್ದ ವಿಷಯ ಹೀಗೆ ಸದ್ದಿಲ್ಲದೆ ಬಗೆಹರಿಯಿತು.

ಭಾರತದ ಡಾಟ್ ಇನ್ 1989ರಲ್ಲಿ ಈ ಪಟ್ಟಿಗೆ ಸೇರಿತು. ಆಗ ದೇಶದಲ್ಲಿ ಅಂತರ್ಜಾಲವೆಂದರೆ ಎರ್ನೆಟ್ ಎಂಬ ಶೈಕ್ಷಣಿಕ ಜಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬೈಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಅದರ ಮೂಲ ಪಾಲುದಾರರು. ಜನಸಾಮಾನ್ಯರಿಗೆ ಸಂಪರ್ಕ ದೊರೆತದ್ದು 1995ರಲ್ಲಿ. ಇಂದು ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಎಂಬ ಹೆಸರು ಜಾಲದ ಮೂಲ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ಕಾಯುವ ಕೆಲಸ ಈಗಲೂ ಐಯಾನಾದ್ದು.

1998ರ ಜನವರಿ

ನಂಬಿಕೆಯ ಆಡಳಿತಕ್ಕೆ ಪರೀಕ್ಷೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಡೊಮೇನ್ ಹೆಸರುಗಳು ಹಣ ತರುವ ಸರಕಾಗಿದ್ದವು. ಜಾಲದ ಮೂಲ ಪಟ್ಟಿಯ ಮುಖ್ಯ ಪ್ರತಿ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಖಾಸಗಿ ಕಂಪೆನಿಯ ಯಂತ್ರದಲ್ಲಿತ್ತು. ಒಡೆತನ ಯಾರದು ಎಂಬ ವಿವಾದ ಕಾವೇರಿತು. 1998ರ ಜನವರಿ 28ರಂದು ಪೋಸ್ಟೆಲ್ ಮೂಲ ಸರ್ವರ್‌ಗಳ ಎಂಟು ಮಂದಿ ನಿರ್ವಾಹಕರಿಗೆ ಇ-ಮೇಲ್ ಕಳುಹಿಸಿ, ಇನ್ನು ಮುಂದೆ ಪಟ್ಟಿಯನ್ನು ಆ ಕಂಪೆನಿಯ ಯಂತ್ರದ ಬದಲು ತಮ್ಮ ಯಂತ್ರದಿಂದ ಪಡೆಯುವಂತೆ ಕೋರಿದರು. ಎಂಟೂ ಮಂದಿ ಹಾಗೆಯೇ ಮಾಡಿದರು.

ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗದ ಕಾರಣ ಸಾಮಾನ್ಯ ಬಳಕೆದಾರರಿಗೆ ಏನೂ ತಿಳಿಯಲಿಲ್ಲ. ಆದರೆ ಅಮೆರಿಕ ಸರ್ಕಾರ ಬೆಚ್ಚಿತು. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಝಿನರ್ ಕೂಡಲೇ ಹಿಂದಿನ ಸ್ಥಿತಿಗೆ ಮರಳಿಸುವಂತೆ ಒತ್ತಾಯಿಸಿದರು. ಅದೊಂದು ಪರೀಕ್ಷೆಯಾಗಿತ್ತೆಂದು ವಿವರಣೆ ನೀಡಿ ಪೋಸ್ಟೆಲ್ ಹಿಂದೆ ಸರಿದರು. ಅವರ ಉದ್ದೇಶದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಒಂದಂಶ ಮಾತ್ರ ಸ್ಪಷ್ಟ. ಜಾಲದ ತುತ್ತತುದಿಯ ಬೀಗದ ಕೈ ಯಾವ ಪಾಸ್‌ವರ್ಡಿನಲ್ಲೂ ಇರಲಿಲ್ಲ. ಅದು ಒಬ್ಬ ವ್ಯಕ್ತಿಯ ಮೇಲಿನ ವಿಶ್ವಾಸದಲ್ಲಿತ್ತು. ಆ ವಿಶ್ವಾಸಕ್ಕೆ ಪೋಸ್ಟೆಲ್ ಅರ್ಹರಾಗಿದ್ದರು. ಆದರೆ ಜಗತ್ತಿನ ವ್ಯಾಪಾರ ವ್ಯವಹಾರವೆಲ್ಲ ಒಬ್ಬರ ಸಜ್ಜನಿಕೆಯ ಮೇಲೆ ನಿಲ್ಲುವುದು ಸಾಧ್ಯವಿರಲಿಲ್ಲ.

ಅದನ್ನು ಪೋಸ್ಟೆಲ್ ಕೂಡ ಅರಿತಿದ್ದರು. ತಮ್ಮ ಕೆಲಸವನ್ನು ಒಂದು ಲಾಭರಹಿತ ಸಂಸ್ಥೆಗೆ ಹಸ್ತಾಂತರಿಸಲು ಆ ವರ್ಷವಿಡೀ ಶ್ರಮಿಸಿದರು. 1998ರ ಸೆಪ್ಟೆಂಬರ್‌ನಲ್ಲಿ ಐಕ್ಯಾನ್ ಸ್ಥಾಪನೆಯಾಯಿತು. ಅದರ ಮುಖ್ಯ ತಾಂತ್ರಿಕ ಅಧಿಕಾರಿಯಾಗಿ ಅವರು ಮುಂದುವರಿಯಬೇಕಿತ್ತು. ಅಷ್ಟರಲ್ಲಿ ಹಳೆಯ ಹೃದಯದ ತೊಂದರೆ ಉಲ್ಬಣಿಸಿತು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಂದ ಅಕ್ಟೋಬರ್ 16ರಂದು ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. ಅವರು ಅಷ್ಟುಕಾಲ ಸಂಪಾದಿಸಿದ ಸರಣಿಯಲ್ಲಿಯೇ, 2468ನೇ ದಾಖಲೆಯಾಗಿ, ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಪ್ರಕಟವಾಯಿತು.

ಮುಗಿಯದ ದಾಟು

ಪೋಸ್ಟೆಲ್ ತೀರಿಕೊಂಡ ಎರಡು ತಿಂಗಳಿಗೆ, 1998ರ ಡಿಸೆಂಬರ್‌ನಲ್ಲಿ, ಐಪಿಯ ಆರನೆಯ ಆವೃತ್ತಿಯ ಪರಿಷ್ಕೃತ ದಾಖಲೆ ಹೊರಬಂತು. ಅದರ ವಿಳಾಸ 128 ಬಿಟ್‌ಗಳದ್ದು. ಹಳೆಯ ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿ 3ರಂದು ಮುಗಿದುಹೋಯಿತು. ಆದರೂ 1983ರಂತೆ ಒಂದೇ ದಿನದಲ್ಲಿ ಬದಲಾಯಿಸುವುದು ಈ ಬಾರಿ ಸಾಧ್ಯವಾಗಲಿಲ್ಲ. ಅಂದು ಇದ್ದುದು ಕೆಲವು ನೂರು ಯಂತ್ರಗಳು, ಹಣ ಕೊಡುವವರು ಒಬ್ಬರೇ. ಇಂದು ಯಂತ್ರಗಳು ನೂರಾರು ಕೋಟಿ, ಯಜಮಾನರು ಲೆಕ್ಕವಿಲ್ಲ. ಹಾಗಾಗಿ ಎರಡೂ ಆವೃತ್ತಿಗಳು ಜೊತೆಯಾಗಿ ನಡೆಯುತ್ತಿವೆ. ಹೊಸ ಆವೃತ್ತಿಯ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಒಂದು. ನಮ್ಮ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗರಿವಿಲ್ಲದೆಯೇ ಅದರಲ್ಲಿದ್ದಾರೆ.

ಲಾಗಿನ್ ಕಾಯುವವರ ಕಷ್ಟ ಮತ್ತೆ ಮರಳಿದೆ. ಒಬ್ಬನೇ ಬಳಕೆದಾರ ಬೆಳಿಗ್ಗೆ ಹೊಸ ವಿಳಾಸದಿಂದ, ಮಧ್ಯಾಹ್ನ ಹಳೆಯ ವಿಳಾಸದಿಂದ ಬಂದರೆ ದಾಖಲೆಯಲ್ಲಿ ಇಬ್ಬರಂತೆ ಕಾಣುತ್ತಾನೆ. ಹಳೆಯ ವಿಳಾಸಗಳ ಅಭಾವದಿಂದ ಮೊಬೈಲ್ ಕಂಪೆನಿಗಳು ಒಂದೇ ವಿಳಾಸವನ್ನು ಅನೇಕರಿಗೆ ಹಂಚುವುದರಿಂದ, ಒಬ್ಬ ಕಿಡಿಗೇಡಿಯ ವಿಳಾಸ ತಡೆದರೆ ನೂರು ಮಂದಿ ನಿರಪರಾಧಿಗಳು ಹೊರಗುಳಿಯಬಹುದು. ಹೊಸ ಆವೃತ್ತಿಯಲ್ಲಿ ಖಾಸಗಿತನಕ್ಕಾಗಿ ವಿಳಾಸದ ಉತ್ತರಾರ್ಧ ಆಗಾಗ ಬದಲಾಗುವುದರಿಂದ ಒಂಟಿ ವಿಳಾಸವನ್ನು ತಡೆದರೆ ಪ್ರಯೋಜನವಿಲ್ಲ, ಪೂರ್ವಾರ್ಧವನ್ನು ಗಮನಿಸಬೇಕು. ಹಳೆಯ ಆವೃತ್ತಿಗೆ ಮಾತ್ರ ಕಾವಲು ಹಾಕಿದ ಕಚೇರಿಯಲ್ಲಿ ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರೆದಂತೆ. ಆದ್ದರಿಂದಲೇ ಗುರುತನ್ನು ವಿಳಾಸಕ್ಕೆ ಕಟ್ಟದೆ ಬಳಕೆದಾರನ ಖಾತೆಗೆ ಕಟ್ಟಬೇಕು, ಎರಡೂ ಆವೃತ್ತಿಗಳಿಗೆ ಒಂದೇ ನಿಯಮವಿರಬೇಕು ಮತ್ತು ಲಾಗಿನ್ ದಾಖಲೆಯಲ್ಲಿ ಎರಡೂ ವಿಳಾಸಗಳನ್ನು ಬರೆದಿಡಬೇಕು ಎಂಬುದು ಇಂದಿನ ನಿರ್ವಾಹಕರು ಕಲಿತ ಪಾಠ.

ಪೋಸ್ಟೆಲ್ ಬಿಟ್ಟುಹೋದ ಪ್ರಸಿದ್ಧ ಸೂತ್ರವೊಂದಿದೆ. ಕಳುಹಿಸುವಾಗ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಸ್ವೀಕರಿಸುವಾಗ ಇತರರ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಬೇಕು ಎಂಬುದು ಅದರ ಸಾರ. ಬೇರೆ ಬೇರೆಯವರು ಕಟ್ಟಿದ ಯಂತ್ರಗಳು ಪರಸ್ಪರ ಮಾತನಾಡಲು ಸಾಧ್ಯವಾದದ್ದು ಈ ಔದಾರ್ಯದಿಂದ. ಆದರೆ ಅತಿಯಾದ ಸಹನೆಯಿಂದ ತಪ್ಪುಗಳೇ ನಿಯಮವಾಗಿಬಿಡುತ್ತವೆ ಎಂದು 2023ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 9413 ಎಚ್ಚರಿಸಿದೆ. ಮನೆಗೆ ಬಂದವರ ಮಾತಿನ ತೊದಲನ್ನು ಸಹಿಸಬಹುದು. ಆದರೆ ಬಾಗಿಲಲ್ಲಿ ನಿಂತವರು ಯಾರೆಂದು ಕೇಳದೆ ಅಗುಳಿ ತೆಗೆಯಲಾಗದು.

ಅಂತರ್ಜಾಲ ಸಂಘವು 1999ರಲ್ಲಿ ಪೋಸ್ಟೆಲ್ ಹೆಸರಿನಲ್ಲಿ ಸೇವಾ ಪ್ರಶಸ್ತಿಯನ್ನು ಸ್ಥಾಪಿಸಿ, ಮೊದಲನೆಯದನ್ನು ಮರಣೋತ್ತರವಾಗಿ ಅವರಿಗೇ ಸಲ್ಲಿಸಿತು. ಐಯಾನಾದ ಮೇಲಿದ್ದ ಅಮೆರಿಕ ಸರ್ಕಾರದ ಮೇಲ್ವಿಚಾರಣೆ 2016ರ ಅಕ್ಟೋಬರ್ 1ರಂದು ಕೊನೆಗೊಂಡಿತು. 1983ರಲ್ಲಿ ಹಳೆಯ ಯಂತ್ರದ ಮುಂದೆ ಕುಳಿತ ಬಳಕೆದಾರ ಹೊರಗುಳಿಯಬಾರದೆಂದು ಪೋಸ್ಟೆಲ್ ತಂಗುದಾಣಗಳನ್ನು ಯೋಜಿಸಿದ್ದರು. ಇಂದು ಬೆಂಗಳೂರಿನ ಕಚೇರಿಯಲ್ಲಾಗಲಿ ಬೀದರಿನ ಸೈಬರ್ ಕೇಂದ್ರದಲ್ಲಾಗಲಿ ಹೆಸರು, ಪಾಸ್‌ವರ್ಡ್ ಟೈಪು ಮಾಡಿದವರು ತಾವು ಯಾವ ಆವೃತ್ತಿಯ ದಾರಿಯಲ್ಲಿ ಬಂದೆವೆಂದು ಯೋಚಿಸುವುದೇ ಇಲ್ಲ. ಹಾಗೆ ಯೋಚಿಸಬೇಕಾದ ಪ್ರಸಂಗ ಬರದಂತೆ ನೋಡಿಕೊಳ್ಳುವುದೇ ಅವರ ಕೆಲಸವಾಗಿತ್ತು.